ತಪ್ಪಿಸಬಹುದಾದ ಪ್ರಯಾಣವೂ ಔದ್ಯೋಗಿಕ ಅಪಾಯವೇ: ಕಾರ್ಮಿಕ ಸಚಿವರಿಗೆ ಧಾರವಾಡದಿಂದ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಕಾರ್ಮಿಕ ಸಚಿವರು,
ಕರ್ನಾಟಕ ಸರ್ಕಾರ

ವಿಷಯ: ಮನೆಯಿಂದ ಮಾಡಬಹುದಾದ ಕೆಲಸಗಳಿಗೆ ಆರೋಗ್ಯ ಮತ್ತು ಸುರಕ್ಷತೆಯ ದೃಷ್ಟಿಯಿಂದ ನಿಯಮ ರೂಪಿಸುವ ಕುರಿತು.

ಮಾನ್ಯರೇ,

ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಬಹುಕಾಲ ಸುರಕ್ಷತಾ ಅಧಿಕಾರಿಯಾಗಿ ದುಡಿದು ನಿವೃತ್ತನಾದವನು ನಾನು. ಪ್ರೆಸ್ಸಿನ ಬಾಯಿಗೆ ಕೈ ಹೋಗದಂತೆ, ಎತ್ತರದಲ್ಲಿ ನಿಂತವನು ಕಾಲು ಜಾರದಂತೆ, ಬಣ್ಣದ ಹೊಗೆ ಯಾರ ಎದೆಗೂ ಇಳಿಯದಂತೆ ನೋಡಿಕೊಳ್ಳುವುದು ನನ್ನ ಕಸುಬಾಗಿತ್ತು. ಮನೆಯಿಂದ ಕೆಲಸ ಮಾಡುವ ಪದ್ಧತಿಯ ಬಗ್ಗೆ ಈಚೆಗೆ ಪತ್ರಿಕೆಗಳಲ್ಲಿ ಬರುತ್ತಿರುವ ಚರ್ಚೆಯನ್ನು ಓದುವಾಗ, ಕೆಲಸಗಾರ ಮನೆಯಲ್ಲಿ ಕುಳಿತರೆ ಮೈಗಳ್ಳನಾಗುತ್ತಾನೆಯೇ, ಕಂಪನಿಗೆ ಲಾಭವೇ ನಷ್ಟವೇ, ಕಚೇರಿಯ ಕಟ್ಟಡ ಖಾಲಿ ಬಿದ್ದರೆ ಬಾಡಿಗೆಯ ಗತಿಯೇನು ಎಂಬ ಮಾತುಗಳೇ ಎದ್ದು ಕಾಣುತ್ತವೆ. ಕೆಲಸಗಾರನ ಮೈ ಮತ್ತು ಜೀವದ ಪ್ರಶ್ನೆ ಆ ಚರ್ಚೆಯಲ್ಲಿ ಎಲ್ಲೋ ಕೊನೆಯ ಸಾಲಿನಲ್ಲಿ ಬಂದು ಹೋಗುತ್ತದೆ. ರಾಜ್ಯದ ಕಾರ್ಮಿಕ ಖಾತೆಯ ಜೊತೆಗೆ ಧಾರವಾಡ ಜಿಲ್ಲೆಯ ಉಸ್ತುವಾರಿಯೂ ತಮ್ಮಲ್ಲೇ ಇರುವುದರಿಂದ, ಈ ಪ್ರಶ್ನೆಯನ್ನು ಮೊದಲ ಸಾಲಿಗೆ ತರಬೇಕೆಂದು ತಮ್ಮನ್ನು ಬಹಿರಂಗವಾಗಿಯೇ ಕೇಳಿಕೊಳ್ಳುತ್ತಿದ್ದೇನೆ.

ಕಾರ್ಖಾನೆಯಲ್ಲಿ ಅಪಾಯವನ್ನು ಹತೋಟಿಗೆ ತರಲು ಒಂದು ಅನುಕ್ರಮವಿದೆ. ಮೊದಲು ಅಪಾಯವನ್ನೇ ಇಲ್ಲವಾಗಿಸಲು ನೋಡಬೇಕು; ಆಗದಿದ್ದರೆ ಕಡಿಮೆ ಅಪಾಯದ ಬೇರೆ ವಿಧಾನ ತರಬೇಕು; ಅದೂ ಆಗದಿದ್ದರೆ ಗಾರ್ಡು, ಕಟಕಟೆ, ಸೆನ್ಸರುಗಳಂಥ ಯಾಂತ್ರಿಕ ಏರ್ಪಾಡು; ಆಮೇಲೆ ತರಬೇತಿ, ಪಾಳಿ ಬದಲಾವಣೆ, ಎಚ್ಚರಿಕೆಯ ಫಲಕ; ಎಲ್ಲಕ್ಕೂ ಕೊನೆಗೆ ಹೆಲ್ಮೆಟ್ಟು, ಕೈಗವಸು, ಬೂಟು. ಉಳಿದೆಲ್ಲ ಸೋತ ಮೇಲೆ ತಲೆ ಉಳಿಸುವ ಹೊಣೆ ಹೆಲ್ಮೆಟ್ಟಿನ ಮೇಲೆ ಬೀಳುತ್ತದೆ. ನೌಕರ ಮನೆಯಿಂದ ಕಚೇರಿಗೆ ಬಂದು ಹೋಗುವ ವಿಷಯದಲ್ಲಿ ಮಾತ್ರ ನಾವು ಈ ಅನುಕ್ರಮವನ್ನು ತಲೆಕೆಳಗು ಮಾಡಿಕೊಂಡು ಕುಳಿತಿದ್ದೇವೆ. ದ್ವಿಚಕ್ರ ಸವಾರನಿಗೆ ಹೆಲ್ಮೆಟ್ ಹಾಕಿಕೋ ಎನ್ನುತ್ತೇವೆ, ಹಾಕಿಕೊಳ್ಳದಿದ್ದರೆ ದಂಡ ವಿಧಿಸುತ್ತೇವೆ. ಅಂದಿನ ಅವನ ಕೆಲಸಕ್ಕೆ ಅವನು ರಸ್ತೆಗೆ ಇಳಿಯುವ ಅಗತ್ಯವಾದರೂ ಇತ್ತೇ ಎಂದು ಕೇಳುವುದಿಲ್ಲ. ದಿನವಿಡೀ ಕಂಪ್ಯೂಟರಿನ ಮುಂದೆಯೇ ಕೂಡುವ ಲೆಕ್ಕಪತ್ರದವರು, ಬಿಲ್ಲಿಂಗ್ ಮತ್ತು ಡೇಟಾ ಎಂಟ್ರಿಯವರು, ಕಾಲ್ ಸೆಂಟರಿನವರು, ಸಾಫ್ಟ್‌ವೇರಿನವರು, ಜಿಎಸ್‌ಟಿ ರಿಟರ್ನ್ ತುಂಬಿಸುವವರು, ವಿನ್ಯಾಸಕಾರರು ಇವರೆಲ್ಲರ ಮಟ್ಟಿಗೆ ಆ ಪ್ರಶ್ನೆಗೆ ವಾರದ ಹಲವು ದಿನ ಪ್ರಾಮಾಣಿಕ ಉತ್ತರ 'ಇರಲಿಲ್ಲ' ಎಂಬುದೇ.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ ಶೇ 44ರಷ್ಟು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಕರ್ನಾಟಕದ ಪಾಲು 11 ಸಾವಿರವನ್ನು ದಾಟಿತ್ತು. ಆ ವರದಿಯಲ್ಲಿ ವಾಹನದ ಬಗೆಗೆ, ಸತ್ತವರ ವಯಸ್ಸಿಗೆ, ಹವಾಮಾನಕ್ಕೆ, ರಸ್ತೆಯ ತಿರುವಿಗೆ ಎಲ್ಲಕ್ಕೂ ಒಂದೊಂದು ಕೋಷ್ಟಕವಿದೆ. ಸತ್ತವನು ಎಲ್ಲಿಗೆ, ಯಾತಕ್ಕೆ ಹೊರಟಿದ್ದ ಎಂಬುದಕ್ಕೆ ಇಲ್ಲ. ಕಾರ್ಖಾನೆಯೊಳಗೆ ಒಬ್ಬನ ಬೆರಳು ಹೋದರೆ ತಮ್ಮ ಇಲಾಖೆಗೆ ವರದಿ ಹೋಗುತ್ತದೆ, ವಿಚಾರಣೆ ನಡೆಯುತ್ತದೆ, ಯಂತ್ರಕ್ಕೆ ಗಾರ್ಡು ಬೀಳುತ್ತದೆ. ಅದೇ ಮನುಷ್ಯ ಕೆಲಸ ಮುಗಿಸಿ ಮನೆಗೆ ಬರುವಾಗ ಸತ್ತೂರಿನ ಹತ್ತಿರ ಲಾರಿಗೆ ಸಿಕ್ಕರೆ ಅದು ಸಂಚಾರ ಠಾಣೆಯ ಒಂದು ಪ್ರಕರಣ ಅಷ್ಟೇ.

ಕಾನೂನು ಹಾಗೆ ನೋಡುವುದಿಲ್ಲ ಎಂಬುದನ್ನು ಇಲ್ಲಿ ನೆನಪಿಸಬೇಕು. ಮನೆಯಿಂದ ಕೆಲಸಕ್ಕೆ ಅಥವಾ ಕೆಲಸದಿಂದ ಮನೆಗೆ ಹೋಗುವಾಗ ಆಗುವ ಅಪಘಾತಕ್ಕೂ ಉದ್ಯೋಗಕ್ಕೂ ಸಂಬಂಧ ಸಿದ್ಧವಾದರೆ ಅದನ್ನು ಉದ್ಯೋಗದ ಅವಧಿಯಲ್ಲೇ ಆದ ಅಪಘಾತವೆಂದು ಪರಿಗಣಿಸಬೇಕೆಂದು ನೌಕರರ ರಾಜ್ಯ ವಿಮಾ (ಇಎಸ್‌ಐ) ಕಾಯ್ದೆಗೆ 2010ರಲ್ಲಿ 51ಇ ಕಲಮನ್ನು ಸೇರಿಸಲಾಯಿತು. ಆ ಕಾಯ್ದೆಯ ಜಾಗಕ್ಕೆ ಬಂದ ಸಾಮಾಜಿಕ ಭದ್ರತಾ ಸಂಹಿತೆ 2020 ಸಹ ಅದೇ ತತ್ವವನ್ನು ಉಳಿಸಿಕೊಂಡಿದೆ. ಪರಿಹಾರ ಕೊಡುವಾಗ ಈ ಪ್ರಯಾಣ ಕೆಲಸದ ಭಾಗವೆಂದು ಒಪ್ಪುವ ನಾವು, ಸಾವನ್ನು ತಡೆಯುವಾಗ ಮಾತ್ರ ಅದು ನೌಕರನ ಸ್ವಂತ ವ್ಯವಹಾರವೆಂದು ಕೈತೊಳೆದುಕೊಳ್ಳುವುದು ಯಾವ ನ್ಯಾಯ?

ಹುಬ್ಬಳ್ಳಿ-ಧಾರವಾಡ ಅವಳಿ ನಗರದ ರಸ್ತೆಯ ಸ್ಥಿತಿ ತಮಗೆ ಹೊಸದಲ್ಲ. ಗಬ್ಬೂರಿನಿಂದ ನರೇಂದ್ರದವರೆಗಿನ ಬೈಪಾಸಿನಲ್ಲಿ, ಇಟಿಗಟ್ಟಿಯ ಬಳಿ, 2021ರ ಜನವರಿಯಲ್ಲಿ ದಾವಣಗೆರೆಯ ಮಹಿಳೆಯರಿದ್ದ ವಾಹನ ಟಿಪ್ಪರಿಗೆ ಡಿಕ್ಕಿಯಾಗಿ ಹತ್ತಕ್ಕೂ ಹೆಚ್ಚು ಜನ ಜೀವ ಕಳೆದುಕೊಂಡದ್ದನ್ನು ಈ ಭಾಗದ ಯಾರೂ ಮರೆತಿಲ್ಲ. ಅವರು ಗೋವಾಕ್ಕೆ ಹೊರಟಿದ್ದವರು. ನನ್ನ ವಾದಕ್ಕೆ ಅವರ ಸಾವನ್ನು ಸಾಕ್ಷಿಯಾಗಿ ಎಳೆದು ತರುವುದು ಸರಿಯಲ್ಲ. ಆದರೆ ತಾರಿಹಾಳ, ಗಾಮನಗಟ್ಟಿಯ ಕೈಗಾರಿಕಾ ವಸಾಹತುಗಳಿಗೆ ಹೋಗಿ ಬರುವ ನೌಕರರು ಮುಟ್ಟುವುದು ಅದೇ ರಸ್ತೆಯನ್ನು ಎಂಬುದೂ ಸುಳ್ಳಲ್ಲ. ಊರೊಳಗಿನ ಹಳೆಯ ಪುಣೆ-ಬೆಂಗಳೂರು (ಪಿ.ಬಿ.) ರಸ್ತೆಯಲ್ಲಿ 2018ರ ಅಕ್ಟೋಬರಿನಿಂದ, ತಮಗೇ ಮೀಸಲಾದ ಪಥದಲ್ಲಿ, 'ಚಿಗರಿ' ಎಂಬ ಬಸ್ಸುಗಳು ಓಡುತ್ತಿವೆ. ಧಾರವಾಡದ ಜ್ಯುಬಿಲಿ ವೃತ್ತದಿಂದ ಹುಬ್ಬಳ್ಳಿಗೆ ಆರಾಮವಾಗಿ, ತಣ್ಣಗೆ ಕುಳಿತು ಹೋಗಬಹುದು. ಅದರ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಚಿಗರಿಯ ಪಥ ನಡುವೆ ಹೋಗಿ ಉಳಿದ ವಾಹನಗಳಿಗೆ ಅಂಚು ಸಿಕ್ಕಿದೆ; ಆ ಅಂಚಿನಲ್ಲಿ ಸ್ಕೂಟರು, ಆಟೊ, ಟ್ರ್ಯಾಕ್ಟರು, ಕಬ್ಬಿನ ಲಾರಿ ಎಲ್ಲವೂ ಒಂದರ ಮೈಗೊಂದು ತಾಗಿಕೊಂಡು ಸಾಗಬೇಕು, ಮತ್ತು ನಿಲ್ದಾಣಕ್ಕೆ ಹೋಗುವವರು ಅವುಗಳ ನಡುವೆಯೇ ದಾಟಬೇಕು. ಜೋರು ಮಳೆಗೆ ಧಾರವಾಡದ ಟೋಲ್ ನಾಕಾ ಬಳಿ ನೀರು ನಿಂತರೆ ಗುಂಡಿ ಯಾವುದು, ರಸ್ತೆ ಯಾವುದು ಎಂದು ತಿಳಿಯುವುದಿಲ್ಲ. ಹುಬ್ಬಳ್ಳಿಯಲ್ಲಿ ನಡೆಯುತ್ತಿರುವ ಮೇಲ್ಸೇತುವೆಯ ಕಾಮಗಾರಿಯಿಂದ 2024ರ ಸೆಪ್ಟೆಂಬರಿನಲ್ಲಿ ಕಬ್ಬಿಣದ ರಾಡು ಬಿದ್ದು, ಕೆಳಗೆ ಹೋಗುತ್ತಿದ್ದ ಪೊಲೀಸ್ ಸಿಬ್ಬಂದಿಯೊಬ್ಬರು ತಲೆಗೆ ಏಟಾಗಿ ಕೆಲವು ದಿನಗಳಲ್ಲಿ ತೀರಿಕೊಂಡರು. ಕೆಲಸದ ಮೇಲಿದ್ದ ಮನುಷ್ಯ ಅವರು. ಅವರ ಕೆಲಸ ಮನೆಯಿಂದ ಆಗುವಂಥದ್ದಲ್ಲ. ಆ ಕಾಮಗಾರಿಯ ಕೆಳಗೆ ದಿನಕ್ಕೆರಡು ಬಾರಿ ಹಾಯುವ ಸಾವಿರಾರು ಜನರಲ್ಲಿ ಅನೇಕರ ಕೆಲಸ ಮನೆಯಿಂದ ಆಗುತ್ತದೆ.

ರಸ್ತೆಯ ಅಪಘಾತ ಎಲ್ಲರಿಗೂ ಕಾಣುತ್ತದೆ. ಕಾಣದೆ ಆಗುವ ಹಾನಿಯ ಬಗ್ಗೆ ಹೇಳಲು ನನಗೆ ಹೆಚ್ಚು ಇದೆ.

ಮೊದಲನೆಯದು ಧೂಳು. ಹುಬ್ಬಳ್ಳಿಯ ಧೂಳಿನ ಬಗ್ಗೆ ನಾವೇ ನಗೆಯಾಡುತ್ತ ಬಂದಿದ್ದೇವೆ, ಆದರೆ 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಬೆಂಗಳೂರು, ದಾವಣಗೆರೆ, ಕಲಬುರಗಿಗಳ ಜೊತೆಗೆ ಹುಬ್ಬಳ್ಳಿ-ಧಾರವಾಡದ ಹೆಸರೂ ಇದೆ. ಗಾಳಿಯ ಗುಣಮಟ್ಟ ನಿಗದಿತ ಮಿತಿಯೊಳಗೆ ಇಲ್ಲದ ನಗರಗಳ ಪಟ್ಟಿ ಅದು. ಉಸಿರಿನೊಡನೆ ಒಳಗೆ ಹೋಗುವ ಪಿಎಂ 10 ಎಂಬ ಸಣ್ಣ ಧೂಳಿನ ಕಣಗಳಿಗೆ ನಮ್ಮ ದೇಶದ ವಾರ್ಷಿಕ ಮಿತಿ ಘನ ಮೀಟರಿಗೆ 60 ಮೈಕ್ರೊಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಕಿಟಕಿ ಮುಚ್ಚಿದ ಕಾರಿನವನಿಗಿಂತ ಸ್ಕೂಟರಿನವನು ಈ ಧೂಳಿಗೂ ಮುಂದಿನ ಲಾರಿಯ ಹೊಗೆಗೂ ನೇರವಾಗಿ ಮುಖ ಒಡ್ಡುತ್ತಾನೆ. ಕಣ ಸಿಡಿಸಿ ಲೋಹವನ್ನು ಉಜ್ಜುವ ಕಾರ್ಖಾನೆಯ ಬ್ಲಾಸ್ಟಿಂಗ್ ಕೋಣೆಗೆ ಮಾಸ್ಕ್ ಇಲ್ಲದೆ ಒಬ್ಬನನ್ನು ಬಿಟ್ಟರೆ ನನಗೆ ನೋಟಿಸ್ ಬರುತ್ತಿತ್ತು. ಗೋಕುಲ ರಸ್ತೆಯಲ್ಲಿ ಹೋಗುವವನಿಗೆ ಕರವಸ್ತ್ರವೇ ಗತಿ.

ಎರಡನೆಯದನ್ನು ಸಭೆಗಳಲ್ಲಿ ಯಾರೂ ಎತ್ತುವುದಿಲ್ಲ. ಹುಬ್ಬಳ್ಳಿಯ ಹಳೆಯ ವಾಣಿಜ್ಯ ಸಂಕೀರ್ಣಗಳ ಎರಡನೇ, ಮೂರನೇ ಮಹಡಿಯ ಸಣ್ಣ ಕಚೇರಿಗಳಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳನ್ನು ಕೇಳಿ ನೋಡಿ. ಇಡೀ ಮಹಡಿಗೆ ಒಂದೇ ಶೌಚಾಲಯ, ಅದರ ಬೀಗದ ಕೈ ಯಾರ ಬಳಿಯೋ, ಒಳಗೆ ನೀರಿಲ್ಲ, ಒಮ್ಮೊಮ್ಮೆ ಚಿಲಕವೂ ಇಲ್ಲ. ಹೀಗಾಗಿ ಅವರು ಬೆಳಿಗ್ಗೆ ಮನೆ ಬಿಡುವ ಮುಂಚೆಯೇ ನೀರು ಕುಡಿಯುವುದನ್ನು ನಿಲ್ಲಿಸುತ್ತಾರೆ. ಸಂಜೆ ಮನೆ ಸೇರುವವರೆಗೆ ಮೂತ್ರ ಕಟ್ಟಿಕೊಂಡಿರುತ್ತಾರೆ. ಬಿಸಿಲ ದಿನಗಳಲ್ಲಿ ಇದರ ಫಲ ಉರಿಮೂತ್ರ, ಸೋಂಕು, ತಲೆನೋವು. ಮುಟ್ಟಿನ ದಿನಗಳಲ್ಲಿ ಇದು ಹಿಂಸೆ. ಶೌಚಾಲಯ ಸರಿಪಡಿಸುವುದು ಮಾಲೀಕನ ಕರ್ತವ್ಯ, ಅದಕ್ಕೆ ಮನೆಯಿಂದ ಕೆಲಸ ಬದಲಿ ಅಲ್ಲ. ಆದರೆ ಸರಿಪಡಿಸುವವರೆಗೆ ಅವರ ಮೂತ್ರಪಿಂಡ ಕಾಯಬೇಕೆಂದು ಹೇಳುವ ಧೈರ್ಯ ನನಗಿಲ್ಲ.

ಸೋಂಕಿನ ವಿಷಯವನ್ನು ಕೋವಿಡ್ ನಂತರ ವಿವರಿಸಬೇಕಾಗಿಲ್ಲ, ಒಂದು ಮಾತು ಹೊರತು. ನಮ್ಮ ಕಚೇರಿಗಳಲ್ಲಿ ಗೋಡೆಗೆ ತೂಗುಹಾಕುವ ಸ್ಪ್ಲಿಟ್ ಎಸಿ ಹೊರಗಿನ ತಾಜಾ ಗಾಳಿಯನ್ನು ತರುವುದಿಲ್ಲ, ಒಳಗಿನದನ್ನೇ ತಣ್ಣಗೆ ಮಾಡಿ ಸುತ್ತಿಸುತ್ತದೆ. ರಜೆ ಸಿಗದೆ ಜ್ವರ, ಕೆಮ್ಮು ಇಟ್ಟುಕೊಂಡೇ ಬಂದ ಒಬ್ಬನ ಉಸಿರನ್ನು ಆ ಕೋಣೆಯ ಎಲ್ಲರೂ ಸಂಜೆಯವರೆಗೆ ಹಂಚಿಕೊಳ್ಳುತ್ತಾರೆ. ಅಂಥವನಿಗೆ ಮೊದಲು ಸಿಗಬೇಕಾದದ್ದು ರಜೆ. ಸಣ್ಣ ನೆಗಡಿಯಷ್ಟೇ ಆಗಿದ್ದು ಕೆಲಸ ಮಾಡುವ ಶಕ್ತಿಯಿದ್ದರೆ ಮನೆಯಿಂದ ಮಾಡುವ ಅವಕಾಶ.

ಇನ್ನು ಅವಸರ. ಮಲಪ್ರಭೆಯ ನೀರು ಅವಳಿ ನಗರದ ಎಷ್ಟೋ ಬಡಾವಣೆಗಳಿಗೆ ಇಂದಿಗೂ ಹಲವು ದಿನಗಳಿಗೊಮ್ಮೆ ಬರುತ್ತದೆ. ನಳ ಬರುವ ದಿನ ಮನೆಯಲ್ಲಿ ಒಬ್ಬರಾದರೂ ಇರಲೇಬೇಕು. ಸಂಪು ತುಂಬಿಸಿ, ಮೇಲಿನ ಟಾಕಿಗೆ ಏರಿಸಿ, ಕುಡಿಯುವ ನೀರು ಹಿಡಿದಿಟ್ಟು ಹೊರಡುವಷ್ಟರಲ್ಲಿ ಬಯೋಮೆಟ್ರಿಕ್ ಹಾಜರಿಯ ಹೊತ್ತು ಮೀರಿರುತ್ತದೆ. ಅಂದು ಗಾಡಿ ಓಡುವ ವೇಗವೇ ಬೇರೆ. ಅಪಘಾತದ ವಿಚಾರಣಾ ವರದಿಗಳನ್ನು ಬರೆದು ಬರೆದು ನಾನು ಕಲಿತದ್ದೇನೆಂದರೆ, 'ಅಜಾಗರೂಕತೆ' ಎಂದು ನಾವು ಷರಾ ಬರೆಯುವ ಬಹುಪಾಲು ಪ್ರಕರಣಗಳ ಹಿಂದೆ ಇರುವುದು ಅವಸರ, ಮತ್ತು ಆ ಅವಸರವನ್ನು ಹುಟ್ಟಿಸಿದ ವ್ಯವಸ್ಥೆ ವರದಿಯಿಂದ ಹೊರಗೇ ಉಳಿಯುತ್ತದೆ.

ಇಷ್ಟು ಹೇಳಿದ ಮೇಲೆ, ಮನೆ ಎಂಬುದು ತಾನಾಗಿಯೇ ಸುರಕ್ಷಿತ ಜಾಗವೆಂದು ತಾವು ನಂಬಿಬಿಡಬಾರದು. ನನ್ನ ಸೊಸೆ ಬೆಂಗಳೂರಿನ ಕಂಪನಿಯೊಂದಕ್ಕೆ ಧಾರವಾಡದ ನಮ್ಮ ಮನೆಯಿಂದಲೇ ಕೆಲಸ ಮಾಡುತ್ತಾಳೆ. ಹಳೆಯ ಚಾಳಿ ಬಿಡದೆ ಅವಳ ಕೋಣೆಯನ್ನು ಒಮ್ಮೆ ತಪಾಸಣೆಯ ಪಟ್ಟಿ ಹಿಡಿದು ನೋಡಿದೆ. ಮಂಚದ ಮೇಲೆ ದಿಂಬು, ದಿಂಬಿನ ಮೇಲೆ ಲ್ಯಾಪ್‌ಟಾಪು, ಅದರ ಮೇಲೆ ಬಾಗಿದ ಕುತ್ತಿಗೆ. ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿಗೆ ಲ್ಯಾಪ್‌ಟಾಪು, ಮಾನಿಟರು, ವೈಫೈ ರೂಟರು, ಟೇಬಲ್ ಫ್ಯಾನು, ಚಳಿಗಾಲದಲ್ಲಿ ಹೀಟರು. ಹಳೆಯ ಮನೆಯ ಆ ಗೋಡೆಯ ಪ್ಲಗ್ಗಿಗೆ ಮೂರು ತೂತುಗಳಿದ್ದರೂ ಅರ್ಥಿಂಗ್ ತಂತಿ ಹಿಂದಕ್ಕೆ ಎಲ್ಲಿಗೂ ಹೋಗಿರಲಿಲ್ಲ. ಕರೆಂಟು ಹೋದಾಗ ಕೆಲಸ ನಿಲ್ಲದಿರಲೆಂದು ತಂದ ಇನ್ವರ್ಟರಿನ ಬ್ಯಾಟರಿ ಅದೇ ಕೋಣೆಯ ಮೂಲೆಯಲ್ಲಿ, ಕಿಟಕಿ ಮುಚ್ಚಿ. ಸೀಸ-ಆಮ್ಲದ ಬ್ಯಾಟರಿ ಚಾರ್ಜ್ ಆಗುವಾಗ ಜಲಜನಕ ಹೊರಬಿಡುತ್ತದೆ. ಗಾಳಿಯಾಡದ ಜಾಗದಲ್ಲಿ ಅದು ಸ್ಫೋಟಕ. ಕಾರ್ಖಾನೆಯ ಬ್ಯಾಟರಿ ಕೋಣೆಗೆ ಗಾಳಿ ಹೊರಹಾಕುವ ಫ್ಯಾನು ಇಲ್ಲದಿದ್ದರೆ ನಾನು ಬಾಗಿಲಿಗೆ ಬೀಗ ಹಾಕಿಸುತ್ತಿದ್ದೆ.

ಇವು ಯಾವುವೂ ಬಗೆಹರಿಯದ ಸಮಸ್ಯೆಗಳಲ್ಲ. ಬ್ಯಾಟರಿ ಹಿತ್ತಲ ಪಡಸಾಲೆಗೆ ಹೋಯಿತು. ಎಲೆಕ್ಟ್ರಿಷಿಯನ್ ಬಂದು ಅರ್ಥಿಂಗ್ ಎಳೆದು, 30 ಮಿಲಿಆಂಪಿಯರ್ ಸೋರಿಕೆಗೇ ಕರೆಂಟು ಕಡಿಯುವ ಆರ್‌ಸಿಸಿಬಿ ಕೂರಿಸಿದ. ಪಾದ ನೆಲಕ್ಕೆ ಪೂರ್ತಿ ತಾಗುವ ಎತ್ತರದ, ಸೊಂಟಕ್ಕೆ ಆಸರೆಯಿರುವ ಕುರ್ಚಿ. ಮೇಲಂಚು ಕಣ್ಣಿನ ನೇರಕ್ಕೆ ಬರುವಂತೆ ಎತ್ತರಿಸಿದ ಪರದೆ, ಪ್ರತ್ಯೇಕ ಕೀಬೋರ್ಡು. ಕಿಟಕಿಯ ಬೆಳಕು ಹಿಂದಿನಿಂದ ಬೀಳದೆ ಪಕ್ಕದಿಂದ ಬರುವಂತೆ ತಿರುಗಿಸಿದ ಮೇಜು. ಇಪ್ಪತ್ತು ನಿಮಿಷಕ್ಕೊಮ್ಮೆ, ಇಪ್ಪತ್ತು ಅಡಿ ದೂರದ ವಸ್ತುವನ್ನು, ಇಪ್ಪತ್ತು ಸೆಕೆಂಡು ನೋಡಬೇಕೆಂಬ ಕಣ್ಣಿನ ವೈದ್ಯರ ಸಲಹೆಯನ್ನು ಹಿತ್ತಲಿನ ಪೇರಲ ಗಿಡದ ಮೇಲೆ ನೆರವೇರಿಸಬಹುದು. ಖರ್ಚು ಎಲ್ಲ ಸೇರಿ ಒಂದು ಮಧ್ಯಮ ದರ್ಜೆಯ ಮೊಬೈಲಿನ ಬೆಲೆಯೊಳಗೆ ಮುಗಿಯಿತು. ಆ ಖರ್ಚು ನಮ್ಮ ಮನೆಯ ಮೇಲೆ ಬಿತ್ತು, ಕಂಪನಿಯ ಮೇಲಲ್ಲ. ನನ್ನ ತಕರಾರು ಅಲ್ಲಿದೆ. ಕಚೇರಿಯಲ್ಲಿ ಕುರ್ಚಿ, ಮೇಜು, ವೈರಿಂಗು, ಬಾಡಿಗೆ, ಕಾವಲು ಎಲ್ಲದರ ಖರ್ಚು ಹೊರುತ್ತಿದ್ದ ಉದ್ಯೋಗದಾತ, ಕೆಲಸ ಮನೆಗೆ ಬಂದೊಡನೆ ಸುರಕ್ಷತೆಯ ಹೊಣೆಯಿಂದ ಬಿಡುಗಡೆ ಪಡೆದಂತೆ ನಡೆದುಕೊಳ್ಳುವುದನ್ನು ತಮ್ಮ ಇಲಾಖೆ ಒಪ್ಪಬಾರದು.

ಮನೆಯ ಅಪಾಯಗಳಲ್ಲಿ ಎಲ್ಲಕ್ಕಿಂತ ದೊಡ್ಡದು ವೈರಿಂಗಿನದ್ದಲ್ಲ, ಗಡಿಯಾರದ್ದು. ವಾರಕ್ಕೆ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು, ಹೃದ್ರೋಗದಿಂದ ಸಾಯುವ ಅಪಾಯ ಶೇ 17ರಷ್ಟು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಜಂಟಿಯಾಗಿ ಪ್ರಕಟಿಸಿದವು. ಪ್ರಯಾಣದಲ್ಲಿ ಉಳಿದ ಹೊತ್ತು ನಿದ್ದೆಗೆ, ನಡಿಗೆಗೆ, ಬಿಸಿ ರೊಟ್ಟಿಯ ಊಟಕ್ಕೆ ಹೋದರೆ ಅದು ಆರೋಗ್ಯ. ರಾತ್ರಿ ಹತ್ತರ ವಿಡಿಯೊ ಸಭೆಗೆ ಹೋದರೆ ಗಳಿಸಿದ್ದೆಲ್ಲ ನೀರಿನಲ್ಲಿ ಹೋಮ. ಹೆಣ್ಣುಮಕ್ಕಳಿಗೆ ಈ ಅಪಾಯ ಇಮ್ಮಡಿ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ 289 ನಿಮಿಷ ಅದಕ್ಕೆ ವ್ಯಯಿಸಿದರೆ ಗಂಡಸರು 88 ನಿಮಿಷ. ಸೊಸೆ ಮನೆಯಲ್ಲೇ ಇದ್ದಾಳೆಂದರೆ ಕೊರಿಯರ್ ಅವಳೇ ತೆಗೆದುಕೊಳ್ಳಬೇಕು, ನೆಂಟರಿಗೆ ಚಹಾ ಅವಳೇ ಮಾಡಬೇಕು, ನಳದ ನೀರೂ ಅವಳೇ ಹಿಡಿಯಬೇಕು ಎಂದು ತಿಳಿಯುವ ಮನೆಗಳೇ ಹೆಚ್ಚು. ಇದನ್ನು ಸರ್ಕಾರದ ಸುತ್ತೋಲೆ ಬದಲಿಸಲಾರದು, ಮನೆಯ ಗಂಡಸರು ಬದಲಿಸಬೇಕು.

ಒಂಟಿತನದ ಮಾತನ್ನೂ ಮುಚ್ಚಿಡಬಾರದು. ಚೀನಾದ ದೊಡ್ಡ ಪ್ರವಾಸ ಕಂಪನಿಯೊಂದರ ಕಾಲ್ ಸೆಂಟರಿನಲ್ಲಿ ಅರ್ಥಶಾಸ್ತ್ರಜ್ಞರು ನಡೆಸಿ 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮನೆಯಿಂದ ದುಡಿದವರ ಕೆಲಸ ಶೇ 13ರಷ್ಟು ಹೆಚ್ಚಿತು, ಬಿಟ್ಟುಹೋಗುವವರ ಪ್ರಮಾಣ ಅರ್ಧಕ್ಕೆ ಇಳಿಯಿತು. ಹಾಗಿದ್ದೂ ಪ್ರಯೋಗ ಮುಗಿದ ಮೇಲೆ ಅವರಲ್ಲಿ ಅರ್ಧದಷ್ಟು ಮಂದಿ ಕಚೇರಿಗೆ ಮರಳಲು ಬಯಸಿದರು, ಒಬ್ಬರೇ ಕೂಡುವುದು ಬೇಸರವೆಂದು. ಅದೇ ಕಂಪನಿಯಲ್ಲಿ ನಡೆದು 2024ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ವಾರಕ್ಕೆ ಎರಡು ದಿನ ಮಾತ್ರ ಮನೆಯಿಂದ ಕೆಲಸಕ್ಕೆ ಬಿಟ್ಟಾಗ ಕೆಲಸದ ಗುಣಮಟ್ಟಕ್ಕೆ ಕುಂದು ಬರಲಿಲ್ಲ, ರಾಜೀನಾಮೆಗಳು ಮೂರನೇ ಒಂದು ಭಾಗದಷ್ಟು ಇಳಿದವು. ಹೆಚ್ಚು ಉಪಕಾರ ಕಂಡವರು ಹೆಂಗಸರು ಮತ್ತು ದೂರದಿಂದ ಬರುವವರು. ಹಾಗಾಗಿ ಎಲ್ಲರನ್ನೂ ವರ್ಷವಿಡೀ ಮನೆಯಲ್ಲಿ ಕೂರಿಸಿ ಎಂದು ನಾನು ಕೇಳುತ್ತಿಲ್ಲ. ವಾರದಲ್ಲಿ ಎರಡು ಮೂರು ದಿನ ಒಬ್ಬ ಮನುಷ್ಯ ರಸ್ತೆಗೆ ಬೀಳದಿದ್ದರೆ ಕೆಲಸದ ಓಡಾಟದಲ್ಲಿ ಅವನಿಗಿರುವ ರಸ್ತೆಯ ಅಪಾಯ ಸರಿಸುಮಾರು ಅರ್ಧಕ್ಕೆ ಬರುತ್ತದೆ. ಯಾವ ಹೆಲ್ಮೆಟ್ ಅಭಿಯಾನವೂ ಇಷ್ಟು ಸುಲಭವಾಗಿ ಇದನ್ನು ಮಾಡಲಾರದು.

'ಲೇತ್ ಮೇಲೆ ನಿಂತವನಿಗೆ, ಕಿಮ್ಸಿನ ನರ್ಸಿಗೆ, ಚಿಗರಿಯ ಡ್ರೈವರಿಗೆ ಈ ಭಾಗ್ಯ ಎಲ್ಲಿದೆ?' ಎಂದು ನನ್ನ ಹಳೆಯ ಸಹೋದ್ಯೋಗಿಗಳು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ ಅದು. ಅವರಿಗೆ ಇದು ನೇರವಾಗಿ ಸಿಗದು. ಆದರೆ ಬರಬೇಕಾಗಿಲ್ಲದವರು ರಸ್ತೆಯಿಂದ ಸರಿದರೆ ಬರಲೇಬೇಕಾದವರಿಗೆ ರಸ್ತೆ ತೆರವಾಗುತ್ತದೆ. ಆಂಬುಲೆನ್ಸಿಗೂ ದಾರಿ ಸಿಗುತ್ತದೆ.

ಈಗ ತಮ್ಮಿಂದ ಆಗಬೇಕಾದದ್ದಕ್ಕೆ ಬರುತ್ತೇನೆ. ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಿದೆ. ಅದರಡಿ ರಾಜ್ಯ ರೂಪಿಸುವ ನಿಯಮಗಳಲ್ಲಿ ಮನೆಯಿಂದ ಕೆಲಸಕ್ಕೆ ಒಂದು ಪ್ರತ್ಯೇಕ ಅಧ್ಯಾಯ ಇರಲಿ. ಯಾವ ಹುದ್ದೆಯ ಕೆಲಸ ಮನೆಯಿಂದ ಆಗಬಲ್ಲದು ಎಂಬುದನ್ನು ಉದ್ಯೋಗದಾತ ಬರಹದಲ್ಲಿ ಪಟ್ಟಿಮಾಡಲಿ, ಮತ್ತು ಅಂಥ ಹುದ್ದೆಯಲ್ಲಿರುವ ಗರ್ಭಿಣಿ, ಹೆರಿಗೆ ರಜೆ ಮುಗಿಸಿ ಬಂದ ತಾಯಿ, ಅಂಗವಿಕಲರು, ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಳ್ಳುತ್ತಿರುವವರು ಕೇಳಿದಾಗ ನಿರಾಕರಿಸಿದರೆ ಅದರ ಕಾರಣವನ್ನೂ ಬರಹದಲ್ಲೇ ಕೊಡಲಿ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯೇ 26 ವಾರಗಳ ರಜೆಯ ನಂತರ ಪರಸ್ಪರ ಒಪ್ಪಿಗೆಯಿಂದ ಮನೆಯಿಂದ ಕೆಲಸ ಮಾಡುವ ಅವಕಾಶವನ್ನು ಹೇಳಿತ್ತು, ಆದರೆ 'ಕೊಡಬಹುದು' ಎಂಬಲ್ಲಿಗೆ ನಿಂತಿತ್ತು; ಅದರ ಜಾಗಕ್ಕೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಅಲ್ಲಿಗೇ ನಿಂತಿದೆ; ಕೊಡದಿದ್ದವರನ್ನು ಏಕೆಂದು ಕೇಳುವವರು ಯಾರೂ ಇಲ್ಲ. ಮನೆಯಲ್ಲಿ ಕೆಲಸದ ವೇಳೆಯಲ್ಲಿ ಆಗುವ ಅಪಘಾತ ಯಾವ ಸಂದರ್ಭದಲ್ಲಿ ಔದ್ಯೋಗಿಕ ಅಪಘಾತವಾಗುತ್ತದೆ ಎಂಬುದನ್ನೂ, ಪ್ರಯಾಣದ ಅಪಘಾತಕ್ಕೆ ಹೇಳಿದಷ್ಟೇ ಸ್ಪಷ್ಟವಾಗಿ, ನಿಯಮ ಹೇಳಲಿ. ಕುರ್ಚಿ, ಮೇಜು, ವೈರಿಂಗಿನ ತಪಾಸಣೆಯ ಖರ್ಚು ಉದ್ಯೋಗದಾತನದ್ದೆಂದು, ಪಾಳಿ ಮುಗಿದ ಮೇಲೆ ಕರೆಗೆ ಉತ್ತರಿಸದಿದ್ದವರ ಮೇಲೆ ಕ್ರಮ ಕೂಡದೆಂದು ಬರೆಯಲಿ; ಪಾಳಿ ಮುಗಿದ ಮೇಲೆ ಸಂಪರ್ಕ ಕಡಿದುಕೊಳ್ಳುವ ಹಕ್ಕನ್ನು ಫ್ರಾನ್ಸ್ 2017ರಿಂದಲೇ ಕಾನೂನಿನಲ್ಲಿ ಇಟ್ಟುಕೊಂಡಿದೆ.

ಮನೆಯಲ್ಲಿ ಒಂದೇ ಕೋಣೆ ಇರುವವರಿಗೆ, ಮನೆಯೇ ನೆಮ್ಮದಿಯ ಜಾಗವಲ್ಲದ ಹೆಣ್ಣುಮಕ್ಕಳಿಗೆ ಈ ನಿಯಮಗಳು ಸಾಲವು. ಕಲಘಟಗಿ, ಕುಂದಗೋಳ, ನವಲಗುಂದ, ಅಣ್ಣಿಗೇರಿಗಳಲ್ಲಿ ಒಳ್ಳೆಯ ಇಂಟರ್ನೆಟ್ಟು, ನಾಲ್ಕು ಮೇಜು, ಶುಚಿಯಾದ ಶೌಚಾಲಯ ಇರುವ ಒಂದೊಂದು ಕೆಲಸದ ಕೇಂದ್ರ ತೆರೆದರೆ ಅವರು ಹುಬ್ಬಳ್ಳಿಯವರೆಗೆ ಬರುವುದು ತಪ್ಪುತ್ತದೆ. ಗ್ರಾಮ ಪಂಚಾಯಿತಿಗಳಲ್ಲಿ ಅರಿವು ಕೇಂದ್ರಗಳೆಂಬ ಗ್ರಂಥಾಲಯಗಳನ್ನು ನಡೆಸುತ್ತಿರುವ ಸರ್ಕಾರಕ್ಕೆ ಇದೇನೂ ಅಸಾಧ್ಯದ ಮಾತಲ್ಲ.

ಕೊನೆಯದಾಗಿ, ಹಣ ಬೇಡದ ಒಂದು ಕೆಲಸ. ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಮುಂದಿನ ಸಭೆಯಲ್ಲಿ, ಅವಳಿ ನಗರದ ಪ್ರತಿ ಅಪಘಾತದ ದಾಖಲೆಗೆ 'ಗಾಯಾಳು ಕೆಲಸಕ್ಕೆ ಹೋಗುತ್ತಿದ್ದರೇ, ಕೆಲಸದಿಂದ ಬರುತ್ತಿದ್ದರೇ, ಆ ಕೆಲಸ ಎಂಥದ್ದು' ಎಂಬ ಒಂದು ಅಂಕಣ ಸೇರಿಸಲು ಪೊಲೀಸ್ ಆಯುಕ್ತರಿಗೆ ಸೂಚಿಸಿರಿ. ಒಂದು ವರ್ಷದ ಲೆಕ್ಕ ಕೈಗೆ ಬಂದ ಮೇಲೆ ಉದ್ಯಮಿಗಳ ಸಂಘಗಳನ್ನೂ ನೌಕರರ ಪ್ರತಿನಿಧಿಗಳನ್ನೂ ಕರೆದು ಕೂರಿಸಿ, ಆ ಅಂಕಣವನ್ನು ಅವರ ಮುಂದಿಡಿ. ಅಂಥ ಸಭೆಗೆ ತಪಾಸಣೆಯ ಪಟ್ಟಿ ಸಿದ್ಧಪಡಿಸಿಕೊಡುವ ಕೆಲಸವನ್ನು, ಸಂಭಾವನೆ ಇಲ್ಲದೆ, ನಾನೂ ನನ್ನಂತೆ ನಿವೃತ್ತರಾದ ಕೆಲವರೂ ಮಾಡಿಕೊಡಲು ಸಿದ್ಧರಿದ್ದೇವೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಸುರಕ್ಷತಾ ಅಧಿಕಾರಿ
ಧಾರವಾಡ